ಭೂಮಿ ಹುಣ್ಣಿಮೆ: ಬುಟ್ಟಿ ಬರೆಯುವುದರಿಂದ ಅಚ್ಚಂಬಲಿ ಬೀರುವವರೆಗೆ

ಆಶ್ವೀಜದ ಹುಣ್ಣಿಮೆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಕಾಂಡದ ಮೇಲ್ತುದಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಳಗಿನ ಎಳೆ ತೆನೆ ಬೆರಳಿಗೆ ಸಿಗುತ್ತದೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ ಈ ದಿನವೇ ಬಂದಿರುವುದು ಅದಕ್ಕೆ. ಶಿರಸಿ, ಸಿದ್ದಾಪುರ, ಬನವಾಸಿ ಸೀಮೆಯಲ್ಲಿ ಭೂಮಿ ಹುಣ್ಣಿಮೆ ಅನ್ನುತ್ತಾರೆ. ಮುಂಡಗೋಡ, ಹಳಿಯಾಳದ ಕಡೆ ಹೋದರೆ ಶೀಗಿ ಹುಣ್ಣಿಮೆ. ಅಡುಗೆ ಒಂದು ರಾತ್ರಿಯ ಕೆಲಸ. ಬುಟ್ಟಿಗೆ ಮಾತ್ರ ಐದು ದಿನ ಬೇಕು, ಹಾಗಾಗಿ ವಿಜಯದಶಮಿ ಮುಗಿದ ಸಂಜೆಗೇ ಶುರು ಮಾಡಿ. ತಡವಾಗಿ ಶುರು ಮಾಡಿ, ಒಣಗಲಿಲ್ಲವೆಂದು ಬಿಸಿಲಿಗಿಟ್ಟು, ಬಿರಿಸಿಕೊಂಡವರೇ ಹೆಚ್ಚು.

ಬುಟ್ಟಿ

ಬೇಕಾದದ್ದು ಬಿದಿರಿನ ಎರಡು ಬುಟ್ಟಿ. ದೊಡ್ಡದು ಭೂಮಣ್ಣಿ ಬುಟ್ಟಿ, ಪೂಜೆ ಸಾಮಾನು ಮತ್ತು ಎಡೆಗೆ. ಬಾಯಿ ಒಂದೂಕಾಲು ಅಡಿ ಅಗಲವಿದ್ದರೆ ತಲೆ ಮೇಲೆ ಸರಿಯಾಗಿ ಕೂರುತ್ತದೆ. ಚಿಕ್ಕದು ಅಚ್ಚಂಬಲಿ ಬುಟ್ಟಿ, ಗದ್ದೆಗೆ ಬೀರುವ ಚರಗಕ್ಕೆ, ಅಂದರೆ ಸೊಪ್ಪು ಬೆರೆಸಿದ ಅನ್ನಕ್ಕೆ. ಕೊಳ್ಳುವಾಗ ಬುಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಹೆಣಿಗೆ ಸಡಿಲವಿದ್ದರೆ ಎಷ್ಟು ಸಗಣಿ ಮೆತ್ತಿದರೂ ಎತ್ತಿದಾಗ ಬಾಗಿ, ಪದರ ಉದುರುತ್ತದೆ.

ಮೊದಲ ದಿನ ಸಗಣಿ ಬಳಿಯಿರಿ, ಒಳಗೂ ಹೊರಗೂ. ಸಗಣಿ ಆ ದಿನದ್ದೇ ಆಗಬೇಕು. ಹುಲ್ಲು ತಿಂದ ದನದ್ದಾದರೆ ಒಳ್ಳೆಯದು, ಅದರ ನಾರು ಬಿರುಕು ತಡೆಯುತ್ತದೆ. ಮೊದಲ ಕೈ ಹೆಣಿಗೆಯ ಕಣ್ಣು ಮುಚ್ಚುವಷ್ಟು ಮಾತ್ರ, ಬೆರಳಿನಿಂದ ಒತ್ತಿ ತುಂಬಬೇಕು. ನೆರಳಲ್ಲಿ ಒಂದು ದಿನ ಬಿಟ್ಟು, ಸೋಸಿದ ತೆಳು ಸಗಣಿಯಿಂದ ಎರಡನೇ ಕೈ. ದಪ್ಪಗೆ ಒಂದೇ ಸಲ ಬಳಿದರೆ ಮೇಲ್ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಗೆರೆ ಎಳೆದ ಮೇಲೆ ನೋಡಿದರೆ ಬುಟ್ಟಿ ತುಂಬ ಬಿರುಕು. ಹಿಂಗಾರು ಮಳೆ ಹಿಡಿದಿದ್ದರೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ. ಮೂಲೆಯಲ್ಲಿಟ್ಟರೆ ಬೂಸ್ಟು ಬರುತ್ತದೆ.

ಸಗಣಿ ಒಣಗಿದ ಮೇಲೆ ಕೆಮ್ಮಣ್ಣು. ಮಣ್ಣನ್ನು ನೀರಲ್ಲಿ ಕದಡಿ, ಹರಳು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ. ಆ ಗೊಜ್ಜೇ ಬಣ್ಣ. ತೆಳ್ಳಗೆ ಎರಡು ಅಥವಾ ಮೂರು ಕೈ. ತಳಕ್ಕೆ ಬರೆಯಲು ಹೋಗಬೇಡಿ, ಸಿಂಬೆಗೆ ಉಜ್ಜಿ ಹೋಗುತ್ತದೆ.

ಬಿಳಿಗೆ ಬೆಳ್ತಿಗೆ ಅಕ್ಕಿ, ಎರಡು ಬುಟ್ಟಿಗೆ ಒಂದು ಮುಷ್ಟಿ ಧಾರಾಳ. ನಾಲ್ಕು ತಾಸು ನೆನೆಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ. ಕುಚ್ಚಲಕ್ಕಿ ಬಿಳಿ ಕೊಡುವುದಿಲ್ಲ, ಮಾಸಲಾಗುತ್ತದೆ. ಹದ ನೋಡುವುದು ಸುಲಭ: ನಾರು ಅದ್ದಿ ಎತ್ತಿದರೆ ಒಂದು ಹನಿ ನಿಧಾನವಾಗಿ ಬೀಳಬೇಕು. ಅಕ್ಕಿ ಬಿಳಿ ಹಸಿಯಿದ್ದಾಗ ಕಾಣುವುದೇ ಇಲ್ಲ, ಒಣಗಿದ ಮೇಲೆ ಎದ್ದು ಬರುತ್ತದೆ. ಹೊಸಬರು ಕಾಣಲಿಲ್ಲವೆಂದು ಅದೇ ಗೆರೆಗೆ ಇನ್ನೊಂದು ಕೈ ಎಳೆಯುತ್ತಾರೆ. ಗೆರೆ ದಪ್ಪವಾಗಿ ಚಕ್ಕೆ ಏಳುವುದು ಅದರಿಂದಲೇ. ಹಿಟ್ಟು ಮಾರನೇ ದಿನಕ್ಕೆ ಹುಳಿಯುತ್ತದೆ, ದಿನವೂ ಹೊಸದಾಗಿ ಅರೆಯಿರಿ. ಕಪ್ಪಿಗೆ ಅಕ್ಕಿಯನ್ನು ಇದ್ದಿಲಿನಂತಾಗುವವರೆಗೆ ಹುರಿದು, ನೆನೆಸಿ ಅರೆಯಬೇಕು; ಕಂದು ಬಣ್ಣಕ್ಕೇ ನಿಲ್ಲಿಸಿದರೆ ಕೆಮ್ಮಣ್ಣಿನ ಮೇಲೆ ಕಾಣದು. ಹಳದಿಗೆ ಗುರಿಗೆ ಬೀಜ ಸಿಕ್ಕರೆ ನೆನೆಸಿ ಹಿಂಡಿ. ಸಿಗದಿದ್ದರೆ ಹಳದಿ ಬಿಟ್ಟುಬಿಡಿ. ಅರಿಶಿನ ನಾಲ್ಕು ದಿನಕ್ಕೆ ಬೆಳ್ಳಗಾಗುತ್ತದೆ.

ಕುಂಚ ಪುಂಡಿ ನಾರಿನದು. ಬೆರಳುದ್ದದ ನಾರಿನ ತುದಿಯನ್ನು ಕಲ್ಲಿನಿಂದ ಜಜ್ಜಿದರೆ ಸಾಕು. ಈ ಕೆಲಸದಲ್ಲಿ ಮಲೆನಾಡಿನ ದೀವರ ಸಮುದಾಯದ ಹೆಂಗಸರ ಕೈ ನೋಡಬೇಕು: ಬುಟ್ಟಿ ತೊಡೆಯ ಮೇಲಿರುತ್ತದೆ, ಬಲಗೈ ಅಲ್ಲಾಡುವುದಿಲ್ಲ, ಎಡಗೈ ಬುಟ್ಟಿಯನ್ನು ತಿರುಗಿಸುತ್ತ ಹೋಗುತ್ತದೆ. ಗೆರೆ ನೆಟ್ಟಗೆ ಬರುವ ಗುಟ್ಟು ಇಷ್ಟೇ. ಮೊದಲು ಕಂಠದ ಸುತ್ತ ಮತ್ತು ತಳದ ಮೇಲೆ ಎರಡೆರಡು ಎಳೆ. ಆಮೇಲೆ ಬುಟ್ಟಿಯ ಸುತ್ತಳತೆಯ ದಾರವನ್ನು ಮೂರು ಸಲ ಮಡಚಿದರೆ ಎಂಟು ಭಾಗ, ಅಂದರೆ ಎಂಟು ಮನೆ ಸಿಗುತ್ತದೆ, ಅಲ್ಲಲ್ಲಿ ಚುಕ್ಕೆ ಇಡಿ. ಹೀಗೆ ಅಳೆಯದೆ ಕಣ್ಣಂದಾಜಿನಲ್ಲಿ ಹೊರಟರೆ ಕೊನೆಯ ಮನೆಯಲ್ಲಿ ಅರ್ಧ ಏಣಿ ಮಾತ್ರ ಹಿಡಿಸುತ್ತದೆ. ಆ ಮನೆಗಳಲ್ಲಿ ಏಣಿ, ಭತ್ತದ ಸಸಿ, ಜೋಗಿ ಜಡೆ, ಗೊಂಬೆಯ ಚಿತ್ತಾರ. ಆಯಿಲ್ ಪೇಂಟಿನಲ್ಲಿ ಬರೆದ ಬುಟ್ಟಿಗಳೂ ಈಗ ಕಾಣುತ್ತವೆ. ಹತ್ತು ವರ್ಷ ಬಾಳುತ್ತವೆ, ನಿಜ. ಆದರೆ ಮರುವರ್ಷ ತೊಳೆದು ಹೊಸದಾಗಿ ಬರೆಯುವ ಕೆಲಸವೇ ತಪ್ಪಿಹೋಗುತ್ತದೆ.

ಅಡುಗೆ

ಅಚ್ಚಂಬಲಿಗೆ ಸೊಪ್ಪಿನ ಬೆರಕೆ ಮುಖ್ಯ. ನೂರೊಂದು ಕುಡಿ ಅನ್ನುವುದು ಮಾತಿಗೆ. ಹತ್ತು ಹನ್ನೆರಡು ಬಗೆ ಸಿಕ್ಕರೆ ದೊಡ್ಡದು. ಹರಿವೆ, ಬಸಳೆ, ಕೆಸವು, ಒಂದೆಲಗ, ಹೊನಗೊನೆ, ನುಗ್ಗೆ, ಹೀರೆ, ಕುಂಬಳ ಮತ್ತು ಸೌತೆಯ ಕುಡಿ. ಚಗಟೆ ಈ ಹೊತ್ತಿಗೆ ಬಲಿತಿರುತ್ತದೆ, ಬೇಡ. ಗುರುತು ಹಿಡಿಯಲಾಗದ ಸೊಪ್ಪು ಹಾಕಲೇಬೇಡಿ, ಗದ್ದೆಯಲ್ಲಿ ಅದನ್ನು ತಿನ್ನುವುದು ಹಕ್ಕಿಗಳು. ಒಂದು ಕಿಲೋ ಅಕ್ಕಿಯ ಅನ್ನಕ್ಕೆ ಹೆಚ್ಚಿದ ಸೊಪ್ಪು ಎರಡು ಹಿಡಿಗಟ್ಟು, ಉಪ್ಪು ಬೇಡ. ಅನ್ನ ಉದುರುದುರಾಗಿರಲಿ. ಮುದ್ದೆಯಾದರೆ ಬೀರಲು ಬರುವುದಿಲ್ಲ, ಉಂಡೆಯುಂಡೆಯಾಗಿ ಬಿದ್ದಲ್ಲಿಗೆ ಇಲಿ ಬರುತ್ತದೆ. ಒಂದು ಎಕರೆಗೆ ಇಷ್ಟು ಸಾಕು.

ಎಡೆಗೆ ಕೊಟ್ಟೆ ಕಡುಬು. ನಾಲ್ಕು ಹಲಸಿನ ಎಲೆಯನ್ನು ಹಿಡಿಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ. ಬಲಿತ ಎಲೆ ಮಡಚುವಾಗ ಸೀಳಿದರೆ ಬೆಂಕಿಗೆ ತುಸು ಬಾಡಿಸಿ. ಒಂದು ಲೋಟ ಉದ್ದಿಗೆ ಎರಡು ಲೋಟ ಅಕ್ಕಿ ತರಿ, ರಾತ್ರಿ ಹುಳಿ ಬಂದ ಹಿಟ್ಟನ್ನು ಮುಕ್ಕಾಲು ತುಂಬಿಸಿ ಅರ್ಧ ತಾಸು ಹಬೆ. ಸೌತೆಕಾಯಿ ಕಡುಬಿಗೆ ಎರಡು ಲೋಟ ತುರಿ, ಒಂದು ಲೋಟ ಅಕ್ಕಿ ತರಿ, ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು. ನೀರು ಹಾಕಬೇಡಿ. ಬೆಲ್ಲ ಬೆರೆತ ಕಾಲು ತಾಸಿಗೆ ತುರಿ ತಾನೇ ನೀರು ಬಿಡುತ್ತದೆ. ಆಗಲೂ ತೆಳುವೆನಿಸಿದರೆ ಹುರಿದ ತರಿ ಒಂದು ಹಿಡಿ ಸೇರಿಸಿ. ಬಾಳೆ ಎಲೆಯಲ್ಲಿ ಕಟ್ಟಿ ಮುಕ್ಕಾಲು ತಾಸು ಬೇಯಿಸಿ. ಚಿತ್ರಾನ್ನ, ಮೊಸರನ್ನ, ಹೋಳಿಗೆ, ಪಲ್ಯಗಳು ಮನೆಮನೆಯ ಅನುಕೂಲ. ಬಿಸಿ ಅಡುಗೆಯನ್ನು ಬುಟ್ಟಿಗೆ ಇಳಿಸಬೇಡಿ. ಹಬೆಗೆ ಕೆಮ್ಮಣ್ಣು ಕರಗಿ ಗೆರೆ ಹರಡುತ್ತದೆ. ಆರಿಸಿ, ಒಳಗೆ ಬಾಳೆ ಎಲೆ ಎರಡು ಪದರ ಹಾಸಿ ಇಡಿ.

ಗದ್ದೆಯಲ್ಲಿ

ಅಚ್ಚಂಬಲಿ ಬೀರುವುದು ನಸುಕಿನಲ್ಲಿ. ಮೋಡವಿಲ್ಲದಿದ್ದರೆ ಚಂದ್ರ ಇನ್ನೂ ಪಡುವಣದಲ್ಲಿರುತ್ತಾನೆ, ಆದರೂ ಟಾರ್ಚ್ ಇರಲಿ; ಇಲಿ ಹುಡುಕಿ ಬರುವ ಹಾವು ಅಂಚಿನ ಮೇಲೆಯೇ ಮಲಗಿರುತ್ತದೆ. ಅಂಚು ಬಿಟ್ಟು ಪೈರಿನೊಳಗೆ ಇಳಿಯಬೇಡಿ. ಹೊಡೆಯ ಪೈರು ಒಮ್ಮೆ ಮುರಿದರೆ ತೆನೆ ಹೊರಗೆ ಬಾರದು. ಹತ್ತು ಹೆಜ್ಜೆಗೊಂದು ಹಿಡಿ, ಅಂಗೈ ಬಿಚ್ಚಿ ದೂರಕ್ಕೆ ಬೀರುತ್ತ, ‘ಅಚ್ಚಂಬಲಿ, ಹಾಲಂಬಲಿ, ಭೂಮ್ತಾಯಿ ಉಂಡೋಗ್ಲಿ’ ಎಂದು ಕೂಗಬೇಕು. ನಡುವಿನ ಸೊಪ್ಪು, ಕಾಯಿಗಳ ಹೆಸರು ಊರಿಗೊಂದು ತರ. ನಿಮ್ಮ ಮನೆಯ ಹಿರಿಯರಿಂದಲೇ ಕಲಿಯಿರಿ.

ಬೆಳಕು ಹರಿದ ಮೇಲೆ ಮನೆಮಂದಿಯೆಲ್ಲ ಪೂಜೆಗೆ. ಅಂಚಿಗೆ ಹತ್ತಿರದ, ಗಟ್ಟಿಯಾದ ಒಂದು ಬುಡ ಆರಿಸಿ. ಎರಡು ಬಾಳೆ ಸಸಿ, ಮಾವಿನ ತೋರಣ ಕಟ್ಟಿ. ಮನೆಯ ಹೆಂಗಸಿನ ತಾಳಿಸರವನ್ನು ಪೈರಿಗೆ ಹಾಕುವಾಗ ಒಂದೇ ಕಾಂಡಕ್ಕೆ ಜೋತು ಹಾಕಬೇಡಿ. ಐದಾರು ಕಾಂಡ ಸೇರಿಸಿ ನೂಲಿನಿಂದ ಸಡಿಲವಾಗಿ ಸುತ್ತಿ, ಅದಕ್ಕೆ ಸರ. ಕೆಳಗೆ ಬಾಳೆ ಎಲೆ ಹಾಸಿರಲಿ. ಜಾರಿ ಕೆಸರಿಗೆ ಬಿದ್ದ ಗುಂಡು ಸಿಗುವುದಿಲ್ಲ. ಬೇಗ ಹೂ ಬಿಡುವ ತಳಿಯಾಗಿದ್ದರೆ ಪೂಜೆ ಒಂಬತ್ತರೊಳಗೆ ಮುಗಿಸಿ. ಭತ್ತದ ಹೂ ಬಿರಿಯುವುದು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡರ ನಡುವೆ. ಆಗ ನೀರು ಚಿಮುಕಿಸಿದರೆ, ಅಲ್ಲಾಡಿಸಿದರೆ ಆ ಬುಡದಲ್ಲಿ ಜೊಳ್ಳು ಹೆಚ್ಚು. ಗದ್ದೆಯಿಲ್ಲದೆ ತೋಟ ಮಾತ್ರ ಇರುವವರು ಒಂದು ಅಡಿಕೆ ಮರಕ್ಕೆ ಇದೇ ಪೂಜೆ ಮಾಡುತ್ತಾರೆ.

ಕಾಗೆಗೆ, ಇಲಿಗೆ ಬೇರೆ ಬೇರೆ ಎಡೆ ಇಟ್ಟು, ಅಂಚಿನ ಮೇಲೆಯೇ ಕೂತು ಊಟ. ಕೆಲವು ಮನೆಯವರು ಒಂದು ಕೊಟ್ಟೆ ಕಡುಬನ್ನು ಗದ್ದೆಯಲ್ಲಿ ಹೂತು, ಕೊಯ್ಲಿನ ದಿನ ತೆಗೆಯುತ್ತಾರೆ. ನೀರು ನಿಲ್ಲದ ಎತ್ತರದ ಮೂಲೆಯಲ್ಲಿ ಹೂಳಿ, ಗೂಟ ನೆಡಿ. ಪೈರು ಮಾಗಿ ಬಾಗಿದ ಮೇಲೆ ಮೂಲೆಗಳೆಲ್ಲ ಒಂದೇ ತರ ಕಾಣುತ್ತವೆ.

ಬುಟ್ಟಿಯನ್ನು ಮನೆಗೆ ತಂದ ಕೂಡಲೇ ಒಳಗಿನ ಎಲೆ ತೆಗೆದು, ಒರೆಸದೆ ನೆರಳಲ್ಲಿ ಆರಿಸಿ. ಅಕ್ಕಿ ಹಿಟ್ಟಿನ ಗೆರೆಗೆ ಜಿರಲೆ, ಇಲಿ ಎರಡೂ ಬರುತ್ತವೆ. ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ತೊಲೆಗೆ ತೂಗುಹಾಕಿ.