ಮೊದಲು ಪ್ರೋಗ್ರಾಂ, ಆಮೇಲೆ ಓಎಸ್: ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದು ನಿಂತ ನನ್ನ ಅನುಭವ

ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶವನ್ನು, ಅಂದರೆ ಓಎಸ್ ಅನ್ನು, ವಿಂಡೋಸ್‌ನಿಂದ ಲಿನಕ್ಸ್‌ಗೆ ಬದಲಾಯಿಸುತ್ತೇನೆ ಅಂದಾಗ ಜೊತೆಯಲ್ಲಿ ಕೆಲಸ ಮಾಡುವವರು ಯಾರೂ ನಂಬಲಿಲ್ಲ. "ಒಂದು ತಿಂಗಳು ಅಷ್ಟೇ, ಆಮೇಲೆ ವಾಪಸ್ ಬರ್ತೀರ ನೋಡಿ" ಅಂದರು. ವರ್ಷದ ಮೇಲಾಯಿತು, ವಾಪಸ್ ಹೋಗಿಲ್ಲ. ಹಾಗೆ ಅಂದವರಲ್ಲಿ ಇಬ್ಬರ ಡೆಸ್ಕ್‌ಟಾಪ್‌ಗೆ ಈಗ ನಾನೇ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್ ಹಾಕಿಕೊಟ್ಟಿದ್ದೇನೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡೋದು, ಪಾರ್ಟಿಷನ್ ಮಾಡೋದು ನಿಮಗೆಲ್ಲ ಗೊತ್ತಿರುತ್ತೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನನ್ನದು ಇಂಟೆಲ್‌ನ ಫೋರ್ತ್ ಜೆನ್ (ನಾಲ್ಕನೇ ಪೀಳಿಗೆಯ) ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, ಹಾರ್ಡ್ ಡಿಸ್ಕ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜೆನ್ ಅಥವಾ ಅದರ ಮೇಲಿನದು ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಎರಡೂ ನನ್ನಲ್ಲಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತೆ ಅಂತ ಮೊದಲೇ ಹೇಳಿಬಿಟ್ಟಿದ್ದರು. ಈ ಅರ್ಹತೆಗಳ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುವ ದಾರಿ ಇದೆ, ಆದರೆ ಅಂಥ ಮೆಷಿನ್‌ಗೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನುವ ಭರವಸೆ ಇಲ್ಲ. ಕೆಲಸದ ಮೆಷಿನ್‌ನಲ್ಲಿ ಅದು ನನಗೆ ಬೇಡವಾಗಿತ್ತು. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರನ್ನು ಎಸೆಯಲು ಮನಸ್ಸೂ ಇರಲಿಲ್ಲ.

ಇದಕ್ಕೂ ಮುಂಚೆ ಎರಡು ಮೂರು ಸಲ ಡ್ಯುಯಲ್ ಬೂಟ್, ಅಂದರೆ ಒಂದೇ ಮೆಷಿನ್‌ನಲ್ಲಿ ಎರಡೂ ಓಎಸ್, ಮಾಡಿ ನೋಡಿದ್ದೆ. ಪ್ರತಿ ಸಲವೂ ಕಥೆ ಒಂದೇ. ಲಿನಕ್ಸ್‌ನಲ್ಲಿ ಕೂತು ಕೆಲಸ ಶುರು ಮಾಡುತ್ತೇನೆ, ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೆ, ಅವಸರ ಇರುತ್ತೆ, ರೀಸ್ಟಾರ್ಟ್ ಮಾಡಿ ವಿಂಡೋಸ್‌ಗೆ ಹೋಗುತ್ತೇನೆ, ಕೆಲಸ ಮುಗಿಯುತ್ತೆ, ಆಮೇಲೆ ವಾಪಸ್ ಬರಲು ಕಾರಣವೇ ಇರುವುದಿಲ್ಲ. ಇದರ ಜೊತೆ ಚಿಲ್ಲರೆ ಕಾಟ ಬೇರೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅಂದರೂ ಅದು ಅರ್ಧ ಹೈಬರ್ನೇಟ್ ಆಗಿರುತ್ತೆ, ವಿಂಡೋಸ್‌ನ ಆ ಎನ್‌ಟಿಎಫ್‌ಎಸ್ ಪಾರ್ಟಿಷನ್ (ಡಿಸ್ಕ್‌ನ ಭಾಗ) ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತೆ, ಬರೆಯಲು ಬಿಡುವುದಿಲ್ಲ. ಗಡಿಯಾರವೂ ಕೆಡುತ್ತೆ, ಯಾಕೆಂದರೆ ಬೋರ್ಡಿನ ಗಡಿಯಾರದಲ್ಲಿ ಒಂದು ಓಎಸ್ ಸ್ಥಳೀಯ ಸಮಯ ಇಡುತ್ತೆ, ಇನ್ನೊಂದು ಯುಟಿಸಿ, ಅಂದರೆ ಜಾಗತಿಕ ಸಮಯ, ಇಡುತ್ತೆ. ಎರಡಕ್ಕೂ ಪರಿಹಾರ ಇದೆ. ಆದರೆ ನಾನು ವಾಪಸ್ ಹೋಗುತ್ತಿದ್ದುದು ಇವುಗಳಿಂದ ಅಲ್ಲ. ಓಎಸ್ ಮತ್ತು ಪ್ರೋಗ್ರಾಂ ಎರಡನ್ನೂ ಒಂದೇ ದಿನ ಬದಲಾಯಿಸಿದರೆ ಯಾರ ಕೈಯೂ ನಿಲ್ಲುವುದಿಲ್ಲ.

ಈ ಸಲ ಮಾಡಿದ್ದು ಇಷ್ಟೇ. ಸುಮಾರು ನಾಲ್ಕೈದು ತಿಂಗಳು ವಿಂಡೋಸ್ ಬಿಡಲೇ ಇಲ್ಲ. ಅದರಲ್ಲೇ ಒಂದೊಂದಾಗಿ ಪ್ರೋಗ್ರಾಂ ಬದಲಾಯಿಸಿದೆ. ಮೊದಲು ಬ್ರೌಸರ್‌ಗೆ ಫೈರ್‌ಫಾಕ್ಸ್, ಆಮೇಲೆ ಮೇಲ್‌ಗೆ ಥಂಡರ್‌ಬರ್ಡ್, ವಿಡಿಯೋಗೆ ವಿಎಲ್‌ಸಿ, ಕೊನೆಗೆ ವರ್ಡ್, ಎಕ್ಸೆಲ್ ಬದಲು ಲಿಬ್ರೆ ಆಫೀಸ್. ಒಂದು ಕೈಗೆ ಕೂತ ಮೇಲೆಯೇ ಮುಂದಿನದು. ಎಲ್ಲವೂ ಎರಡೂ ಕಡೆ ಓಡುವಂಥವು. ಕೊನೆಗೆ ಓಎಸ್ ಬದಲಾಯಿಸಿದ ದಿನ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರ್ (ನಮ್ಮ ಸೆಟ್ಟಿಂಗ್, ಮಾಹಿತಿ ಇರುವ ಫೋಲ್ಡರ್) ಎತ್ತಿ ಆ ಕಡೆ ಇಟ್ಟೆ. ಮೇಲ್, ಬುಕ್‌ಮಾರ್ಕ್ ಎಲ್ಲ ಇದ್ದಲ್ಲೇ ಇದ್ದವು. ಮಧ್ಯಾಹ್ನದ ಹೊತ್ತಿಗೆ ಎಂದಿನ ಕೆಲಸ ನಡೆಯುತ್ತಿತ್ತು.

ಜಾಸ್ತಿ ಕಷ್ಟ ಕೊಟ್ಟಿದ್ದು ಲಿಬ್ರೆ ಆಫೀಸ್. ಬೇರೆಯವರು ಕಳಿಸಿದ ವರ್ಡ್ ಫೈಲ್‌ನಲ್ಲಿ ಸಾಲುಗಳು ಜರುಗಿ, ಎರಡು ಪುಟದ್ದು ಮೂರಾಗುತ್ತಿತ್ತು. ಇದು ಬಹುಪಾಲು ಫಾಂಟ್ ಸಮಸ್ಯೆ. ಕ್ಯಾಲಿಬ್ರಿ ಬದಲು ಕಾರ್ಲಿಟೊ, ಕ್ಯಾಂಬ್ರಿಯಾ ಬದಲು ಕಾಲಾಡಿಯಾ ಹಾಕಿ. ಅಕ್ಷರದ ಅಗಲ ಅದಕ್ಕದಕ್ಕೇ ಸರಿಹೊಂದುವಂತೆ ಮಾಡಿದ ಫಾಂಟ್‌ಗಳು ಅವು. ನನ್ನ ಹತ್ತರಲ್ಲಿ ಎಂಟು ಫೈಲ್ ಅಷ್ಟರಲ್ಲೇ ಸರಿಹೋದವು. ಎಕ್ಸೆಲ್ ಮ್ಯಾಕ್ರೋ (ಶೀಟ್‌ನೊಳಗೆ ಬರೆದಿಡುವ ಸಣ್ಣ ಪ್ರೋಗ್ರಾಂ) ಮಾತ್ರ ಬೇರೆ ವಿಷಯ. ಸಣ್ಣಪುಟ್ಟವು ಓಡುತ್ತವೆ, ದೊಡ್ಡವು ಓಡಲ್ಲ. ನನ್ನ ಲೆಕ್ಕದ ಒಂದು ಶೀಟ್‌ಗೆ ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ಲಿನಕ್ಸ್ ಒಳಗೇ ಓಡುವ ಕಾಲ್ಪನಿಕ ಕಂಪ್ಯೂಟರ್‌ನಲ್ಲಿ, ವಿಂಡೋಸ್ ಇಟ್ಟುಕೊಂಡಿದ್ದೇನೆ, ತಿಂಗಳಿಗೊಮ್ಮೆ ತೆರೆದರೆ ಹೆಚ್ಚು. ಅದರೊಳಗೆ ಇಂಟರ್‌ನೆಟ್ ಪೂರ್ತಿ ಬಂದ್ ಮಾಡಿದ್ದೇನೆ.

ದುಡ್ಡಿನ ಮಾತಿಗೆ ಬರೋಣ. ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದೆ, ಸೆಕೆಂಡ್ ಹ್ಯಾಂಡ್ ಡಿಡಿಆರ್3 ರ್‍ಯಾಮ್ ಹಾಕಿ 16 ಜಿಬಿ ಮಾಡಿದೆ. ಎರಡೂ ಸೇರಿ ಹೊಸ ಮೆಷಿನ್‌ನ ಬೆಲೆಯಲ್ಲಿ ಆರನೇ ಒಂದು ಭಾಗ ಆಗಿರಬಹುದು. ಹಳೆಯ ಲೇಸರ್ ಪ್ರಿಂಟರ್ ಮಾತ್ರ ಕೈಕೊಟ್ಟಿತು. ಅದರ ಕಂಪನಿ ಲಿನಕ್ಸ್‌ಗೆ ಡ್ರೈವರ್ ಕೊಟ್ಟೇ ಇಲ್ಲ. ಎರಡು ಭಾನುವಾರ ಅದರ ಜೊತೆ ಗುದ್ದಾಡಿ ಕೊನೆಗೆ ಮಾರಿದೆ, ಬಂದಿದ್ದು ಒಂದು ಟೋನರ್‌ನ ಬೆಲೆಯೂ ಅಲ್ಲ. ಪ್ರಿಂಟರ್ ಕೊಳ್ಳುವವರು ಡ್ರೈವರ್ ಇಲ್ಲದೆ ಪ್ರಿಂಟ್ ಮಾಡುವ ಏರ್‌ಪ್ರಿಂಟ್ ಅಥವಾ ಐಪಿಪಿ ಎವೆರಿವೇರ್ ಸೌಲಭ್ಯ ಇದೆಯಾ ನೋಡಿ. ಅದಿದ್ದರೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ, ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ ಕಪ್ಸ್ ತಾನೇ ಗುರುತಿಸುತ್ತೆ. ಹೊಸ ಪ್ರಿಂಟರ್ ಸೇರಿಸಿದರೂ ಒಟ್ಟು ಖರ್ಚು ಹೊಸ ಮೆಷಿನ್‌ನ ಅರ್ಧಕ್ಕಿಂತ ಕಡಿಮೆ.

ಮಿಂಟ್‌ನಲ್ಲೇ ಯಾಕೆ ನಿಂತೆ? ಸುಮ್ನೆ ಅಲ್ಲ, ಬೇರೆ ಬಗೆಯ ಲಿನಕ್ಸ್‌ಗಳನ್ನೂ ಹಾಕಿ ನೋಡಿದ್ದೇನೆ. ಫೆಡೋರಾ ಕೆಡಿಇ ತುಂಬಾ ಚಂದ, ಆದರೆ ಒಂದು ಆವೃತ್ತಿಗೆ ಸಪೋರ್ಟ್ ಸುಮಾರು 13 ತಿಂಗಳು ಮಾತ್ರ, ಕೆಲಸದ ಮೆಷಿನ್‌ಗೆ ಅಷ್ಟು ಬೇಗ ಬೇಗ ಅಪ್‌ಗ್ರೇಡ್ ಬೇಡ. ಮಿಂಟ್ 22 ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಇದೆ. ಆರ್ಚ್ ಹಾಕಿ, ಕಿಟಕಿಗಳನ್ನು ತಾನೇ ಪಕ್ಕಪಕ್ಕ ಜೋಡಿಸುವ ಟೈಲಿಂಗ್ ವಿಂಡೋ ಮ್ಯಾನೇಜರ್ ಕಲಿತು, ಕೆಲವು ವಾರ ಮೌಸ್ ಮುಟ್ಟದೆ ಕೆಲಸ ಮಾಡಿದೆ. ಆ ವೇಗ ನಿಜಕ್ಕೂ ಬೇರೆ. ಅದರ ರುಚಿ ಹತ್ತಿ ಮಿಂಟ್‌ನಲ್ಲೂ ನನ್ನದೇ ಕೀಬೋರ್ಡ್ ಶಾರ್ಟ್‌ಕಟ್ ಕಟ್ಟಿಕೊಂಡಿದ್ದೇನೆ. ಆ ಫೈಲ್ ಮಾತ್ರ ಕೊಡುವುದಿಲ್ಲ, ಅದನ್ನು ಅವರವರ ಬೆರಳಿಗೆ ತಕ್ಕಂತೆ ಅವರೇ ಕಟ್ಟಿಕೊಳ್ಳಬೇಕು.

ಮ್ಯಾಕ್ ಬಗ್ಗೆ ಕೇಳುತ್ತೀರಿ ಅಲ್ವಾ. ಗೆಳೆಯನ ಇಂಟೆಲ್ ಮ್ಯಾಕ್ ಮಿನಿ ಒಂದೆರಡು ತಿಂಗಳು ಬಳಸಿದೆ. ಸ್ಪೇಸ್ ಒತ್ತಿದರೆ ಫೈಲ್ ಒಳಗಿರುವುದು ಕಾಣುವ ಕ್ವಿಕ್ ಲುಕ್, ಫಾಂಟ್ ಕಾಣುವ ರೀತಿ, ಇವನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಟಾಹೋ ಅನ್ನುವ ಆವೃತ್ತಿಯ ನಂತರದ ಮ್ಯಾಕ್‌ಓಎಸ್ ಇಂಟೆಲ್ ಮೆಷಿನ್‌ಗೆ ಬರುವುದಿಲ್ಲ ಅಂತ ಆಪಲ್ 2025ರಲ್ಲಿ ಹೇಳಿದೆ, ಹಾಗಾಗಿ ಹಳೆಯದು ಕೊಂಡರೆ ಮತ್ತೆ ಅದೇ ಗಡುವಿನ ಭಯ. ಹೊಸದು ಕೊಂಡರೆ ರ್‍ಯಾಮ್ ಆಮೇಲೆ ಹೆಚ್ಚಿಸಲು ಆಗಲ್ಲ. ಬಿಚ್ಚಿ ಜೋಡಿಸುವ ನನ್ನಂಥವನಿಗೆ ಅದು ಆಗಿಬರುವುದಿಲ್ಲ.

ವಿಂಡೋಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಫೋಟೋಶಾಪ್, ಆಟೋಕ್ಯಾಡ್ ಮೇಲೆ ಹೊಟ್ಟೆಪಾಡು ಇದ್ದವರು ಅಲ್ಲೇ ಇರಿ. ಆಟ ಆಡುವವರಿಗೆ ಈಗ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ ಇದೆ, ಆದರೆ ಆಂಟಿ-ಚೀಟ್ (ಮೋಸದಾಟ ತಡೆಯುವ ತಂತ್ರಾಂಶ) ಇರುವ ಕೆಲವು ಆನ್‌ಲೈನ್ ಆಟಗಳು ಓಡಲ್ಲ, ಮೊದಲೇ ನೋಡಿಕೊಳ್ಳಿ.

ಈಗ ನನ್ನ ಮೆಷಿನ್ ಬೂಟ್ ಆಗಿ ಕೆಲಸಕ್ಕೆ ಸಿಗಲು ಇಪ್ಪತ್ತು ಸೆಕೆಂಡ್ ಸಾಕು, ಏನೂ ತೆರೆಯದಿದ್ದಾಗ ರ್‍ಯಾಮ್ ಒಂದು ಜಿಬಿ ಚಿಲ್ಲರೆ ಹಿಡಿಯುತ್ತೆ. ಮಾಡಿ ನೋಡುವವರು ಮೊದಲ ದಿನವೇ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಆನ್ ಮಾಡಿ. ಅದು ಸಿಸ್ಟಂಗೆ ಮಾತ್ರ. ನಿಮ್ಮ ಸ್ವಂತ ಫೈಲ್‌ಗಳ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿ, ಬೇರೆಯಾಗಿಯೇ ಇಡಿ.