ಸಾಂಟಿಯಾಗೊಗೆ ಒಬ್ರೇ ನಡ್ಕೊಂಡು ಹೋಗೋರಿಗೆ

"ಒಬ್ಳೇನಾ?" ಅಂತ ನಮ್ಮಮ್ಮ ಮೂರು ಸಲ ಕೇಳಿದ್ರು, ವೀಸಾ ಬಂದಾಗ, ಬ್ಯಾಗ್ ತಂದಾಗ, ಕೊನೇಗೆ ಏರ್‌ಪೋರ್ಟಲ್ಲಿ. ಸ್ಪೇನಿನ ಸಾಂಟಿಯಾಗೊ ದೆ ಕೊಂಪೊಸ್ತೆಲಾ ಕೆಥೆಡ್ರಲ್‌ನಲ್ಲಿ ಅಪೊಸ್ತಲ ಸಂತ ಯಾಕೋಬರ ಸಮಾಧಿ ಇದೆ ಅಂತ ನಂಬಿ ಜನ ಸಾವಿರ ವರ್ಷದಿಂದ ನಡ್ಕೊಂಡು ಬರ್ತಿದಾರೆ, ಆ ದಾರಿಗೆ ಕಮಿನೋ ಅಂತಾರೆ. ಒಂಟಿತನದ ಭಯ ಇದ್ರೆ ಅದನ್ನ ಮನೇಲೇ ಬಿಟ್ಟು ಹೋಗಿ, ಮೇ ಇಲ್ಲಾ ಸೆಪ್ಟೆಂಬರಲ್ಲಿ ಹೋದ್ರೆ ಅಲ್ಲಿ ಒಬ್ರೇ ಇರೋಕೆ ಜಾಗ ಹುಡುಕ್ಬೇಕಾಗುತ್ತೆ. ನಿಜವಾಗ್ಲೂ ಕಾಡೋದು ಎರಡೇ, ಭಾರ ಮತ್ತು ಅವಸರ.

ಮೊದಲು ಎಲ್ಲಿಂದ ಶುರು ಮಾಡೋದು ಅಂತ ನೋಡಿ. ಫ್ರೆಂಚ್ ದಾರಿ ಅನ್ನೋದು ಫ್ರಾನ್ಸ್ ಗಡಿಯ ಸ್ಯಾನ್ ಝಾನ್‌ನಿಂದ ಸುಮಾರು 780 ಕಿ.ಮೀ., 30-35 ದಿನ ಬೇಕು, ನಮ್ಮ ಆಫೀಸುಗಳಲ್ಲಿ ಅಷ್ಟು ರಜಾ ಯಾರು ಕೊಡ್ತಾರೆ ಹೇಳಿ. ಕೊನೇ 115 ಕಿ.ಮೀ. ಸಾಕು ಅಂತ ತುಂಬಾ ಜನ ಸಾರ್ರಿಯಾ ಊರಿಂದ ಶುರು ಮಾಡ್ತಾರೆ, ಐದಾರು ದಿನದಲ್ಲಿ ಮುಗಿಯುತ್ತೆ, ಆದ್ರೆ ಆ ಭಾಗ ಜಾತ್ರೆ. ನನ್ನ ಕೇಳಿದ್ರೆ ಪೊನ್ಫೆರಾದಾದಿಂದ ಶುರು ಮಾಡಿ, ಸುಮಾರು 200 ಕಿ.ಮೀ., ಹತ್ತು ದಿನ ಇಟ್ಕೊಂಡ್ರೆ ಆರಾಮು, ಮ್ಯಾಡ್ರಿಡ್‌ನಿಂದ ಟ್ರೇನ್ ಇದೆ, ಓ ಸೆಬ್ರೈರೊ ಘಟ್ಟ ಹತ್ತೋ ಭಾಗ್ಯಾನೂ ಸಿಗುತ್ತೆ. ಪೂರ್ತಿ ಮಾಡೋರು ಒಂದು ನೆನಪಿಟ್ಕೊಳ್ಳಿ, ಮೊದಲ್ನೇ ದಿನಾನೇ ಪಿರನೀಸ್ ಬೆಟ್ಟ, 25 ಕಿ.ಮೀ. ನಡಿಗೇಲಿ 1,400 ಮೀಟರ್ ಎತ್ತರ ದಾಟಿ ಹತ್ಬೇಕು, ಮೇಲಿನ ದಾರಿ ನವೆಂಬರಿಂದ ಮಾರ್ಚ್ ಕೊನೇವರೆಗೆ ಮುಚ್ಚಿರುತ್ತೆ.

ವೀಸಾ ಷೆಂಗನ್ನು, ಅಂದ್ರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಫ್ರಾನ್ಸಲ್ಲಿ ಕಾಲಿಟ್ರೂ ಹೆಚ್ಚು ದಿನ ಇರೋದು ಸ್ಪೇನಲ್ಲಿ, ಹಾಗಾಗಿ ಅರ್ಜಿ ಸ್ಪೇನಿಗೇ ಹಾಕ್ಬೇಕು, 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸೂ ಬೇಕು.

ಈಗ ಬ್ಯಾಗು. ಬೆಂಗಳೂರಿಂದ ವೇಲಾಂಕಣಿಗೆ ಕಾವಿ ಹಾಕ್ಕೊಂಡು ನಡ್ಯೋರನ್ನ ನೋಡಿರ್ತೀರಿ, ಧರ್ಮಸ್ಥಳ ಪಾದಯಾತ್ರೇನೂ ಅಷ್ಟೇ, ಗುಂಪಿರುತ್ತೆ, ಹಿಂದೆ ಟೆಂಪೋದಲ್ಲಿ ಅಕ್ಕಿ ಪಾತ್ರೆ ಬರುತ್ತೆ, ದಾರೀಲಿ ಯಾರೋ ಮಜ್ಜಿಗೆ ಕೊಡ್ತಾರೆ. ಇಲ್ಲಿ ಬೆನ್ನ ಮೇಲಿರೋದೇ ಮನೆ. ನಿಮ್ಮ ತೂಕದ ಹತ್ತನೇ ಒಂದು ಭಾಗ ದಾಟ್ಬಾರ್ದು ಅಂತಾರೆ. ನಾನು 55 ಕೆ.ಜಿ., ಬ್ಯಾಗು 9, ಮೂರನೇ ದಿನ ಪೋಸ್ಟ್ ಆಫೀಸಲ್ಲಿ ನಿಂತು ಜೀನ್ಸು, ಎರಡನೇ ಸ್ವೆಟರು, ಓದ್ದೇ ಇರೋ ಪುಸ್ತಕ ಎಲ್ಲಾ ಪಾರ್ಸೆಲ್ ಮಾಡಿ ಸಾಂಟಿಯಾಗೊಗೆ ಮುಂಚಿತವಾಗಿ ಕಳಿಸಿದೆ. ಎರಡು ಜೊತೆ ಬಟ್ಟೆ, ಮೂರು ಜೊತೆ ಉಣ್ಣೆ ಸಾಕ್ಸು, ಮಳೆಗೆ ಪೊಂಚೊ, ತೆಳು ಸ್ಲೀಪಿಂಗ್ ಬ್ಯಾಗು, ಸಂಜೆಗೆ ಚಪ್ಪಲಿ, ಕಿವಿಗೆ ಇಯರ್‌ಪ್ಲಗ್ಗು ಇಷ್ಟೇ (ಒಂದೇ ರೂಮಲ್ಲಿ ಮೂವತ್ತು ಜನ ಗೊರಕೆ ಹೊಡೀತಾರೆ). ಅಮ್ಮ ತುರುಕಿದ್ದ ಚಟ್ನಿಪುಡಿ ಮಾತ್ರ ಕಳಿಸ್ಲಿಲ್ಲ, ಯಾಕಂತ ಆಮೇಲೆ ಹೇಳ್ತೀನಿ.

ಕಾಲಿನ ವಿಷ್ಯ ಸ್ವಲ್ಪ ಗಮನ ಇಟ್ಟು ಓದಿ. ಶೂ ಅರ್ಧ ಸೈಜು ದೊಡ್ಡದು ತಗೊಂಡು ಊರಲ್ಲೇ ನೂರಿನ್ನೂರು ಕಿ.ಮೀ. ಸವೆಸಿ. ಬೆಳಿಗ್ಗೆ ಸಾಕ್ಸ್ ಹಾಕೋ ಮುಂಚೆ ಬೆರಳ ಸಂದೀಲೆಲ್ಲಾ ವ್ಯಾಸಲೀನು. ನಡೀತಾ ಎಲ್ಲಾದ್ರೂ ಒಂದು ಕಡೆ ಬಿಸಿ ಬಿಸಿ ಅನಿಸ್ತು ಅಂದ್ರೆ ಅಲ್ಲೇ ಕೂತು ಶೂ ಬಿಚ್ಚಿ, ಅಲ್ಲೇ, ಮುಂದಿನ ಊರಲ್ಲಲ್ಲ. ನನ್ನ ಕಿರುಬೆರಳು ಸುಡ್ತಿತ್ತು, ಇನ್ನು ಮೂರೇ ಕಿ.ಮೀ. ಅಂತ ತಳ್ಕೊಂಡು ಹೋದೆ, ಸಂಜೆ ಸಾಕ್ಸ್ ತೆಗೆದ್ರೆ ಬೆರಳಿಗಿಂತ ದೊಡ್ಡ ಗುಳ್ಳೆ. ವಸತಿ ನೋಡ್ಕೊಳ್ತಿದ್ದ ಅಜ್ಜಿ ಒಬ್ರು ಕನ್ನಡಕ ಏರಿಸ್ಕೊಂಡು, ನನ್ನ ಪಾದನ ತಮ್ಮ ತೊಡೆ ಮೇಲಿಟ್ಕೊಂಡು, ತೊಳ್ದು ಔಷಧಿ ಹಚ್ಚಿ ಬ್ಯಾಂಡೇಜ್ ಸುತ್ತಿ, ಎರಡು ಬೆರಳು ಎತ್ತಿ ತೋರಿಸಿದ್ರು. ಎರಡು ದಿನ ರೆಸ್ಟು. ಹೀಗೆ ಆದ್ರೆ ಹಸಿರು ಕ್ರಾಸ್ ಇರೋ ಫಾರ್ಮಸಿಗೆ ಹೋಗಿ, ಗುಳ್ಳೆ ಪ್ಲಾಸ್ಟರ್ ಅವ್ರೇ ಕೊಡ್ತಾರೆ.

ಉಳ್ಕೊಳ್ಳೋ ಜಾಗಕ್ಕೆ ಆಲ್ಬೆರ್ಗೆ ಅಂತಾರೆ, ಬಂಕ್ ಬೆಡ್ಡು, ಸಾಮಾನ್ಯವಾಗಿ 8ರಿಂದ 15 ಯೂರೋ, ತುಂಬಾ ಕಡೆ ಕ್ಯಾಶೇ ಬೇಕು. ಸರ್ಕಾರಿದು ಬುಕ್ಕಿಂಗ್ ಇರಲ್ಲ, ಮೊದ್ಲು ಬಂದೋರಿಗೆ ಬೆಡ್ಡು, ಖಾಸಗಿದಕ್ಕೆ ಹಿಂದಿನ ದಿನ ಫೋನ್ ಮಾಡಿ. ಸಾಮಾನ್ಯವಾಗಿ ಕ್ರೆದೆನ್ಸಿಯಾಲ್ ಅಂತ ಯಾತ್ರಿಕರ ಪಾಸ್‌ಪೋರ್ಟ್ ಬೇಕು, ಶುರು ಮಾಡೋ ಊರಲ್ಲೇ ಸಿಗುತ್ತೆ. ಮಲಗೋ ಕಡೆ, ಚರ್ಚು, ಕಾಫಿ ಕುಡಿಯೋ ಬಾರು, ಎಲ್ಲಾ ಕಡೆ ಅದ್ರಲ್ಲಿ ಮುದ್ರೆ ಒತ್ತಿಸ್ತಾ ಹೋಗಿ, ದಿನಕ್ಕೆ ಎರಡು ಇಲ್ದಿದ್ರೆ ಕೊನೇಲಿ ನಡೆದು ಮುಗಿಸಿದ್ದಕ್ಕೆ ಸರ್ಟಿಫಿಕೇಟ್ ಕೊಡುವಾಗ ತಕರಾರು.

ಊಟ, ಸಸ್ಯಾಹಾರಿಗಳಿಗೆ ಪರೀಕ್ಷೆ. ಸಲಾಡ್ ಅಂತ ತರಿಸಿದ್ರೆ ಮೇಲೆ ಟ್ಯೂನಾ ಮೀನು, ಬೇಳೆ ಸಾರು ಅಂದ್ರೆ ಒಳಗೆ ಹಂದಿ ಮಾಂಸದ ಚೊರೀಸೊ. "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಆತೂನ್" ಅಂತ ಬಾಯಿಪಾಠ ಮಾಡ್ಕೊಳ್ಳಿ, ಮಾಂಸ ಬೇಡ, ಹಂದಿ ಬೇಡ, ಟ್ಯೂನಾ ಬೇಡ. ಮೊಟ್ಟೆ ತಿನ್ನೋರು ಬದುಕ್ತೀರಿ, ತೋರ್ತಿಯಾ ಅಂತ ಆಲೂಗಡ್ಡೆ-ಮೊಟ್ಟೆದು ಎಲ್ಲಾ ಬಾರಲ್ಲೂ ಇರುತ್ತೆ, ಅದ್ರ ಮೇಲೆ ಚಟ್ನಿಪುಡಿ ಉದುರಿಸಿದ್ರೆ... ಜೊತೇಲಿ ಕೂತಿದ್ದ ಕೊರಿಯಾದ ಹುಡ್ಗಿ ಅರ್ಧ ಡಬ್ಬಿ ಖಾಲಿ ಮಾಡಿದ್ಲು. ಭಾನುವಾರ ಅಂಗಡಿ ಇಲ್ಲ ಅಂತ್ಲೇ ಇಟ್ಕೊಳ್ಳಿ, ಶನಿವಾರವೇ ಬ್ರೆಡ್ಡು ಹಣ್ಣು ತಗೊಳ್ಳಿ.

ದಾರಿ ತಪ್ಪೋದು ಕಷ್ಟ. ಹಳದಿ ಬಾಣ ಎಲ್ಲೆಲ್ಲೂ ಇದೆ, 1984ರಲ್ಲಿ ಓ ಸೆಬ್ರೈರೊದ ಪಾದ್ರಿ ಎಲಿಯಾಸ್ ವಲಿನ್ಯಾ ಪೈಂಟ್ ಡಬ್ಬಿ ಹಿಡ್ಕೊಂಡು ಬರೆಯೋಕೆ ಶುರು ಮಾಡಿದ್ದು. ಕೆಲವು ಹೋಟೆಲಿನವ್ರು ತಮ್ಮ ಕಡೆ ತಿರುಗಿಸೋಕೂ ಬಾಣ ಬರ್ಕೊಳ್ತಾರೆ, ಹುಷಾರು. ಬಾಣ ಕಾಣ್ದೆ ಹತ್ತು ನಿಮಿಷ ಆಯ್ತು ಅಂದ್ರೆ ಹಿಂದೆ ಬನ್ನಿ. ನೀವು ಪಶ್ಚಿಮಕ್ಕೆ ನಡೀತಿರೋದ್ರಿಂದ ಬೆಳಿಗ್ಗೆ ನಿಮ್ಮ ನೆರಳು ಮುಂದೆ ಬೀಳ್ಬೇಕು, ಅದೇ ದಿಕ್ಸೂಚಿ. ಬಿಸಿಲೆಲ್ಲಾ ಎಡಗಡೆಗೇ ಹೊಡೆಯೋದು, ಎಡ ಕಿವಿಗೂ ಸನ್‌ಸ್ಕ್ರೀನ್ ಹಚ್ಚಿ.

ಹೆಣ್ಮಕ್ಕಳು ಒಬ್ರೇ ನಡ್ಯೋದು ಅಲ್ಲಿ ಮಾಮೂಲಿ, ಆದ್ರೂ ಕತ್ತಲಲ್ಲಿ ಒಬ್ರೇ ಹೊರಡ್ಬೇಡಿ. ಯಾರಾದ್ರೂ ಹಿಂದೆ ಬಿದ್ದಂಗೆ ಅನಿಸಿದ್ರೆ ಮುಂದಿನ ಬಾರಲ್ಲಿ ಕೂತು ಇನ್ನೊಂದು ಗುಂಪು ಬರೋವರೆಗೆ ಕಾಯಿರಿ, ತುರ್ತಿಗೆ 112. ಕಷ್ಟ ಕೊಡೋದು ಒಳ್ಳೆಯವ್ರೇ ಜಾಸ್ತಿ, ಎರಡನೇ ದಿನಕ್ಕೆ ಫ್ರೆಂಡ್ಸ್ ಆಗ್ತಾರೆ, ಅವ್ರು 30 ಕಿ.ಮೀ. ಹೊಡೀತಾರೆ, ಸಂಕೋಚಕ್ಕೆ ನೀವೂ ಹೊಡೀತೀರಿ, ಮಂಡಿ ಹೋಗುತ್ತೆ. "ನೀವು ನಡೀರಿ, ನಾನು ಬರ್ತೀನಿ" ಅನ್ನೋದನ್ನ ಕಲೀರಿ, ಸಂಜೆ ಮತ್ತೆ ಯಾರಾದ್ರೂ ಸಿಕ್ಕೇ ಸಿಗ್ತಾರೆ.

ಕ್ರೈಸ್ತರೇ ಆಗಿರ್ಬೇಕಂತ ಇಲ್ಲ. ಯಾತ್ರಿಕರ ಪೂಜೆಗೆ ಯಾರು ಬೇಕಾದ್ರೂ ಕೂರಬಹುದು, ಪರಮಪ್ರಸಾದದ ಸಾಲಿಗೆ ಮಾತ್ರ ಕಥೋಲಿಕರಲ್ಲದವ್ರು ಹೋಗ್ಬೇಡಿ. ಸಾಂಟಿಯಾಗೊ ತಲುಪಿದ ಮೇಲೆ ಯಾತ್ರಿಕರ ಕಚೇರೀಲಿ ಯಾಕೆ ನಡೆದ್ರಿ ಅಂತ ಕೇಳ್ತಾರೆ, ಧಾರ್ಮಿಕ ಇಲ್ಲಾ ಆಧ್ಯಾತ್ಮಿಕ ಕಾರಣ ಅಂದ್ರೆ ಲ್ಯಾಟಿನ್‌ನಲ್ಲಿರೋ ಕೊಂಪೊಸ್ತೆಲಾ ಪತ್ರ ಉಚಿತ, ಬೇರೆ ಕಾರಣ ಆದ್ರೆ ಬೇರೆ ಪತ್ರ. ಆನ್‌ಲೈನಲ್ಲಿ ಮುಂಚೆನೇ ಹೆಸರು ತುಂಬಿದ್ರೆ ಕ್ಯೂ ಬೇಗ ಕರಗುತ್ತೆ. ಕೆಥೆಡ್ರಲ್ ಒಳಗೆ ದೊಡ್ಡ ಬ್ಯಾಗ್ ಬಿಡಲ್ಲ, ಮೊದಲು ರೂಮಿಗೆ ಹೋಗಿ ಇಳಿಸಿ, ಸ್ನಾನ ಮಾಡ್ಕೊಂಡು ಹೋಗಿ, ಪಕ್ಕದಲ್ಲಿ ಕೂರೋರಿಗೂ ಒಳ್ಳೇದು.