ಬಂದಿಯ ಇಷ್ಟಲಿಂಗ: ಹೊಣೆ ಯಾರದು?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲನಾಗಿ ನಾನು ವಾದಿಸಿದ ಅರ್ಜಿಗಳಲ್ಲಿ ವಿಚಾರಣಾಧೀನ ಬಂದಿಯೊಬ್ಬರ ಇಷ್ಟಲಿಂಗದ ಪ್ರಶ್ನೆಯೂ ಒಂದು. ಜೈಲಿಗೆ ಸೇರಿಸಿಕೊಳ್ಳುವಾಗ ನಡೆದ ತಪಾಸಣೆಯಲ್ಲಿ ಲಿಂಗವನ್ನಿಟ್ಟು ಕೊರಳಿಗೆ ಧರಿಸುವ ಅವರ ಬೆಳ್ಳಿಯ ಕರಡಿಗೆಯನ್ನು, ಅದನ್ನು ಕಟ್ಟುವ ಶಿವದಾರದ ಸಮೇತ ತೆಗೆದಿಟ್ಟಿದ್ದರು. ಲಿಂಗಪೂಜೆಯಾಗದೆ ಪ್ರಸಾದ ಮುಟ್ಟುವುದಿಲ್ಲವೆಂದು ಅವರು ಊಟ ಬಿಟ್ಟರೆ, ಸಿಬ್ಬಂದಿ ಅದನ್ನು ಉಪವಾಸ ಮುಷ್ಕರವೆಂದು ಬರೆದುಕೊಂಡರು.

ಕಾನೂನು ಬಂದಿಯ ಪರವಾಗಿಯೇ ಇತ್ತು. ಮೂಲಭೂತ ಹಕ್ಕುಗಳು ಜೈಲಿನ ಬಾಗಿಲಲ್ಲಿ ಕಳಚಿ ಬೀಳುವುದಿಲ್ಲವೆಂದು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲೇ ಹೇಳಿದೆ. ಸಂವಿಧಾನದ 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದಂತಹ ಕಾರಣಗಳಿಗಾಗಿ ಮಿತಿಗೊಳಿಸಬಹುದೇ ಹೊರತು ಸಿಬ್ಬಂದಿಯ ಅನುಕೂಲಕ್ಕಾಗಿ ಅಲ್ಲ. ನ್ಯಾಯಾಂಗ ಬಂಧನವೆಂದರೆ ನ್ಯಾಯಾಲಯದ ಸುಪರ್ದಿ. ಆದ್ದರಿಂದ ಮೊದಲು ಹೈಕೋರ್ಟಿಗೆ ಹೋಗದೆ, ಬಂಧನಕ್ಕೆ ಆದೇಶಿಸಿದ್ದ ನ್ಯಾಯಾಲಯದಲ್ಲೇ ಅರ್ಜಿ ಹಾಕಿ, ಸ್ವತ್ತಿನ ವಹಿಯ ಪ್ರತಿಯನ್ನೂ ಅಧೀಕ್ಷಕರ ಲಿಖಿತ ವರದಿಯನ್ನೂ ತರಿಸಬೇಕೆಂದು ಕೋರಿದೆ.

ವಹಿಯಲ್ಲಿದ್ದ ನಮೂದು ಇಷ್ಟೇ: ‘ಬೆಳ್ಳಿ ಡಬ್ಬಿ ಒಂದು, ದಾರ ಒಂದು.’ ಒಳಗಿದ್ದ ಲಿಂಗದ ಉಲ್ಲೇಖವೇ ಇರಲಿಲ್ಲ. ತೆಗೆಸಿದವರ ಹೆಸರೂ ಕಾರಣವೂ ಇರಲಿಲ್ಲ. ಬೆಳ್ಳಿ ಕಳುವಾಗಬಹುದು, ದಾರದಿಂದ ನೇಣು ಹಾಕಿಕೊಳ್ಳಬಹುದು ಎಂಬ ಆಕ್ಷೇಪಗಳು ವರದಿಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡವು. ಇವು ಹುಸಿ ಆಕ್ಷೇಪಗಳೆಂದು ನಾನು ವಾದಿಸಲಿಲ್ಲ, ಏಕೆಂದರೆ ದಾರದ ಅಪಾಯ ನಿಜವಾದದ್ದು; ಆದರೆ ಲಿಂಗವನ್ನು ಬಟ್ಟೆಯ ಚೀಲದಲ್ಲಿರಿಸಿ, ಕರಡಿಗೆಯನ್ನೂ ದಾರವನ್ನೂ ರಸೀದಿ ಪಡೆದು ಮನೆಯವರಿಗೆ ಒಪ್ಪಿಸಿದರೆ ಎರಡೂ ಭಯಗಳು ತೀರುತ್ತವೆ ಎಂದೆ. ನ್ಯಾಯಾಲಯ ಹಾಗೆಯೇ ಆದೇಶಿಸಿತು. ವಿಭೂತಿಗೂ ಅನುಮತಿ ಸಿಕ್ಕಿತು.

ಇನ್ನು ಹೊಣೆಗಾರಿಕೆ. ಭಾರತೀಯ ನ್ಯಾಯ ಸಂಹಿತೆಯ 298ನೇ ಕಲಮು ಪವಿತ್ರ ವಸ್ತುವಿಗೆ ಹಾನಿ ಮಾಡುವುದನ್ನು ಅಥವಾ ಅದನ್ನು ಅಪವಿತ್ರಗೊಳಿಸುವುದನ್ನು ದಂಡಿಸುತ್ತದೆ, ಆದರೆ ಧರ್ಮವನ್ನು ಅವಮಾನಿಸುವ ಉದ್ದೇಶವನ್ನು, ಇಲ್ಲವೇ ಅದು ಅವಮಾನವೆನಿಸಬಹುದೆಂಬ ಅರಿವನ್ನು ಸಾಬೀತುಪಡಿಸಬೇಕು. ಇಲ್ಲಿದ್ದುದು ಉದ್ದೇಶ, ಅರಿವುಗಳಿಗಿಂತ ಉದಾಸೀನ. ಹಾಗಾಗಿ ಉಳಿದದ್ದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ಪರಿಹಾರ ಕೋರುವ ರಿಟ್ ಅರ್ಜಿ. ಮೂಲಭೂತ ಹಕ್ಕಿನ ಉಲ್ಲಂಘನೆಗೆ ರಾಜ್ಯವೇ ಹಣ ತೆರಬೇಕಾಗಬಹುದೆಂಬ ತತ್ವ 1993ರ ನೀಲಬತಿ ಬೆಹೆರಾ ತೀರ್ಪಿನಲ್ಲಿ ಸ್ಪಷ್ಟವಾಗಿದೆ. ಅದು ಕಸ್ಟಡಿ ಸಾವಿನ ಪ್ರಕರಣವಾದ್ದರಿಂದ, ಪೂಜೆಗೆ ಅಡ್ಡಿಯಾದದ್ದಕ್ಕೂ ಅದನ್ನು ಅನ್ವಯಿಸಿ ಎಂದು ಕೇಳುವುದು ಸುಲಭವಲ್ಲ, ಆದರೂ ಕೇಳಲೇಬೇಕೆಂಬುದು ನನ್ನ ಅಭಿಪ್ರಾಯ.

ರಿಟ್ ಅರ್ಜಿಯ ಕರಡು ಸಿದ್ಧವಿತ್ತು. ಆದರೆ ಕಕ್ಷಿದಾರರು, ‘ಅದೇ ಬರಾಕಿನಲ್ಲಿ, ಅದೇ ಸಿಬ್ಬಂದಿಯ ಕೈಕೆಳಗೆ ನಾನಿನ್ನೂ ಇರಬೇಕು ಸರ್, ಈಗ ಬೇಡ’ ಎಂದು ವಕಾಲತ್ತಿಗೆ ಸಹಿ ಮಾಡಲಿಲ್ಲ. ಉಪವಾಸ ಮುಷ್ಕರದ ನಮೂದನ್ನು ರದ್ದುಪಡಿಸಲು ಮಾತ್ರ ಒಪ್ಪಿದ್ದರಿಂದ ಆ ಅರ್ಜಿಯನ್ನಷ್ಟೇ ಸಲ್ಲಿಸಿದೆ.